ಲೆನಿನ್ ಮತ್ತೆ ಪೀಠ ಹತ್ತಿದ ಎಂಟು ನಿಮಿಷ

ಒಂದು ದೊಡ್ಡ ಚೌಕ, ಹಗಲು ಹೊತ್ತು, ಎಲ್ಲಿ ನೋಡಿದ್ರೂ ಜನ. ಲಾರಿ ಮೇಲೆ ಕಂಚಿನ ಲೆನಿನ್ ಬರ್ತಾನೆ, ಮೊಣಕಾಲಿಂದ ಕೆಳಗೆ ಕಾಲೇ ಇಲ್ಲ. ಕ್ರೇನು ಅವನನ್ನ ಎತ್ತತ್ತೆ, ಗಾಳಿಯಲ್ಲಿ ಒಂಚೂರು ತಿರುಗ್ತಾನೆ, ಮುಂದಕ್ಕೆ ಚಾಚಿದ ಕೈ ಜನರ ತಲೆ ಮೇಲೆ ಹಾದು ಬರತ್ತೆ, ಆಮೇಲೆ ಪೀಠದ ಮೇಲೆ ಮೊದಲೇ ನಿಂತಿರೋ ತನ್ನ ಎರಡು ಮುರಿದ ಕಾಲಿನ ಮೇಲೆ ಮೆಲ್ಲಗೆ ಇಳಿದು ನಿಂತ್ಕೋತಾನೆ. ಜನ ಕೇಕೆ ಹಾಕ್ತಾರೆ, ಚಪ್ಪಾಳೆ ತಟ್ತಾರೆ. ಅಲ್ಲಿಗೆ ಫಿಲ್ಮ್ ಮುಗೀತು.

ನಿಜವಾಗಿ ನಡೆದಿದ್ದು ಇದರ ಉಲ್ಟಾ. 1991ರ ಆಗಸ್ಟ್ 23ರಂದು, ಸೋವಿಯತ್ ಆಳ್ವಿಕೆ ಕಂಡ ಪುಟ್ಟ ದೇಶ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಲೆನಿನ್ ಪ್ರತಿಮೆಯನ್ನ ಪೀಠದಿಂದ ಕಿತ್ತು ಲಾರಿಗೆ ಹಾಕ್ಕೊಂಡು ಹೋದ್ರು, ಎತ್ತೋವಾಗ ಕಾಲು ಮುರಿದು ಪೀಠದ ಮೇಲೇ ಉಳೀತು, ಜನ ಕುಣಿದಾಡಿದ್ರು. ಸೋವಿಯತ್ ಒಕ್ಕೂಟ ಮುಗೀತು ಅನ್ನೋದಕ್ಕೆ ಒಂದು ಚಿತ್ರ ಬೇಕು ಅಂದಾಗೆಲ್ಲ ದೇಶವಿದೇಶದ ಟಿವಿಗಳು ಈ ದೃಶ್ಯವನ್ನೇ ತೋರಿಸ್ತಾ ಬಂದ್ವು. ಹದಿಮೂರು ವರ್ಷ ಆದ್ಮೇಲೆ, 2004ರಲ್ಲಿ, ದೇಯ್‌ಮಂತಸ್ ನರ್ಕೆವಿಚ್ಯುಸ್ ಅನ್ನೋ ಕಲಾವಿದ ಲಿಥುವೇನಿಯಾ ರಾಷ್ಟ್ರೀಯ ಟಿವಿಯ ಆರ್ಕೈವ್‌ನಿಂದ ಆ ಫುಟೇಜ್ ತಗೊಂಡ್ರು, ಇನ್ನೊಂದು ಖಾಸಗಿ ವಿಡಿಯೋನೂ ಸಿಕ್ತು, ಎರಡನ್ನೂ ಸೇರಿಸಿ ಹಿಂದುಮುಂದು ಎಡಿಟ್ ಮಾಡಿ ಎಂಟು ನಿಮಿಷದ ಒಂದು ಫಿಲ್ಮ್ ಮಾಡಿದ್ರು. ಹೆಸರು 'ಒನ್ಸ್ ಇನ್ ದ ಟ್ವೆಂಟಿಯತ್ ಸೆಂಚುರಿ', ಇಪ್ಪತ್ತನೇ ಶತಮಾನದಲ್ಲಿ ಒಂದು ಸಲ ಅಂತ. ಅಜ್ಜಿ ಕಥೆ ಶುರು ಮಾಡೋ ಹಾಗಿದೆ ಹೆಸರು, ಒಂದಾನೊಂದು ಕಾಲದಲ್ಲಿ ಅಂತೀವಲ್ಲ ಹಾಗೆ.

ನಂಗೆ ಈ ಫಿಲ್ಮ್ ಬಗ್ಗೆ ಬರೀಬೇಕು ಅನ್ಸಿರೋದು ಈಗಿನ ಗಲಾಟೆಗಳಿಂದ. ಯಾವ ದೇಶದಲ್ಲಿ ನೋಡಿದ್ರೂ ಪ್ರತಿಮೆ ತೆಗೀಬೇಕಾ ಇಡಬೇಕಾ ಅನ್ನೋದೇ ಜಗಳ, ಎರಡು ಕಡೆಯವರೂ ಇತಿಹಾಸ ಇತಿಹಾಸ ಅಂತಾನೇ ಕೂಗ್ತಾರೆ, ಆದ್ರೆ ಆ ಪ್ರತಿಮೆ ಮುಂದೆ ನಿಂತಿರೋ ಜನರನ್ನ ಯಾರೂ ನೋಡಲ್ಲ. ನರ್ಕೆವಿಚ್ಯುಸ್ ನೋಡಿರೋದು ಅವರನ್ನೇ.

ಇವರ ಬಗ್ಗೆ ಒಂದೆರಡು ಮಾತು. ಹುಟ್ಟಿದ್ದು 1964ರಲ್ಲಿ, ಲಿಥುವೇನಿಯಾದ ಉತೇನಾ ಊರಲ್ಲಿ. ವಿಲ್ನಿಯಸ್‌ನ ಆರ್ಟ್ ಅಕಾಡೆಮಿಯಲ್ಲಿ ಕಲಿತಿದ್ದು ಶಿಲ್ಪಕಲೆ, ಸಿನಿಮಾ ಅಲ್ಲ. 2001ರಲ್ಲಿ ವೆನಿಸ್ ಬಿಯನಾಲೆ ಅನ್ನೋ ಅಂತಾರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ತಮ್ಮ ದೇಶದ ಪರವಾಗಿ ಕಲಾಕೃತಿ ತೋರಿಸಿದ್ರು. ಸೋವಿಯತ್ ಕಾಲದ ಶಾಲೆಯಲ್ಲಿ ಓದಿ, ವಯಸ್ಸಿಗೆ ಬಂದ್ಮೇಲೆ ಆ ದೇಶವೇ ಇಲ್ಲ ಅನ್ನೋದನ್ನ ಕಣ್ಣಾರೆ ಕಂಡ ತಲೆಮಾರು ಇವರದು. 1994ರಲ್ಲಿ ಇವರು ಮಾಡಿದ ಒಂದು ಸಣ್ಣ ಶಿಲ್ಪ ಇದೆ, ಒಂದು ಜೊತೆ ಬೂಟು, ಒಳಗೆ ಉಪ್ಪು ತುಂಬಿದಾರೆ, ಅಷ್ಟೇ. ಅದರ ಹೆಸರು 'ಪೀಠದ ಮೇಲೆ ತುಂಬಾ ಹೊತ್ತು'. ಅದಕ್ಕೆ ಮೂರು ವರ್ಷ ಮುಂಚೆ ವಿಲ್ನಿಯಸ್‌ನ ಪೀಠದ ಮೇಲೆ ಲೆನಿನ್ ಕಾಲು ಮಾತ್ರ ಉಳಿದಿತ್ತಲ್ಲ, ಅದನ್ನ ನೆನಪಿಟ್ಕೊಂಡು ಆ ಬೂಟು ನೋಡಿದ್ರೆ ಮೈ ಜುಮ್ ಅನ್ನತ್ತೆ. ಅಲ್ಲಿಂದ ಇವರು ಫಿಲ್ಮ್ ಕಡೆ ಬಂದ್ರು, ಆದ್ರೆ ಶಿಲ್ಪಿಯ ಬುದ್ಧಿ ಬಿಟ್ಟು ಬರ್ಲಿಲ್ಲ. ಕಲ್ಲು ಕೆತ್ತೋನು ಏನೂ ಸೇರಿಸಲ್ಲ, ಇರೋದ್ರಲ್ಲೇ ತೆಗೀತಾನೆ. ಈ ಎಂಟು ನಿಮಿಷದಲ್ಲೂ ಹೊಸದಾಗಿ ಶೂಟ್ ಮಾಡಿದ್ದು ಏನೂ ಇಲ್ಲ.

ಈಗ ಆ ಚೌಕದ ಕಥೆ, ಇದು ಗೊತ್ತಿಲ್ದೆ ಫಿಲ್ಮಿನ ತೂಕ ಗೊತ್ತಾಗಲ್ಲ. ಹೆಸರು ಲುಕಿಶ್ಕೇಸ್ ಚೌಕ. 1863ರಲ್ಲಿ ರಷ್ಯಾದ ಚಕ್ರವರ್ತಿ ಝಾರ್ ವಿರುದ್ಧ ಎದ್ದ ದಂಗೆಯ ನಾಯಕರನ್ನ ಜನರ ಎದುರಿಗೇ ನೇಣಿಗೆ ಹಾಕಿದ್ದು ಇಲ್ಲೇ. ಚೌಕದ ಎದುರಿಗೆ ಒಂದು ಭಾರೀ ಕಟ್ಟಡ ಇದೆ, ಸೋವಿಯತ್ ಕಾಲದಲ್ಲಿ ಗುಪ್ತ ಪೊಲೀಸರಾದ ಕೆಜಿಬಿಯ ಕಚೇರಿ, ನೆಲಮಾಳಿಗೆಯಲ್ಲಿ ಜೈಲು, ಈಗ ಮ್ಯೂಸಿಯಂ. 1941ರಿಂದ 1952ರವರೆಗೆ ಲಿಥುವೇನಿಯಾದ ಸುಮಾರು 1.3 ಲಕ್ಷ ಜನರನ್ನ ಸೈಬೀರಿಯಾ ಕಡೆಗೆ ಗಡೀಪಾರು ಮಾಡಿದ್ರು, ಪುಟ್ಟ ದೇಶ ಅದು, ಗಡೀಪಾರಿನ ನೆನಪು ಇಲ್ದಿರೋ ಮನೆ ಹುಡುಕೋದು ಕಷ್ಟ. ಅಂಥ ಹೊತ್ತಲ್ಲಿ, 1952ರಲ್ಲಿ, ಆ ಕಚೇರಿ ಎದುರಿಗೆ ನಿಕೊಲಾಯ್ ತೋಮ್‌ಸ್ಕಿ ಅನ್ನೋ ಸೋವಿಯತ್ ಶಿಲ್ಪಿ ಮಾಡಿದ ಲೆನಿನ್‌ನ ತಂದು ನಿಲ್ಲಿಸಿದ್ರು. ಅವನ ಕಾಲ್ಕೆಳಗೆ ಮೆರವಣಿಗೆ, ಹೂವು, ಭಾಷಣ, ಮೂವತ್ತೊಂಬತ್ತು ವರ್ಷ.

ಕೆಳಗಿಳಿಸಿದ ದಿನಾಂಕಕ್ಕೂ ಅರ್ಥ ಇದೆ. 1939ರ ಆಗಸ್ಟ್ 23ರಂದೇ ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಒಪ್ಪಂದ ಮಾಡ್ಕೊಂಡಿದ್ದು, ಅದರ ಗುಟ್ಟಿನ ಭಾಗದಲ್ಲಿ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಅನ್ನೋ ಬಾಲ್ಟಿಕ್ ದೇಶಗಳನ್ನ ತಮ್ಮತಮ್ಮ ಪ್ರಭಾವಕ್ಕೆ ಅಂತ ಹಂಚ್ಕೊಂಡ್ರು. ಅದಕ್ಕೆ ಐವತ್ತು ವರ್ಷ ತುಂಬಿದ ದಿನ, 1989ರ ಆಗಸ್ಟ್ 23ಕ್ಕೆ, ಮೂರು ದೇಶದ ಸುಮಾರು 20 ಲಕ್ಷ ಜನ ವಿಲ್ನಿಯಸ್‌ನಿಂದ ಟ್ಯಾಲಿನ್‌ವರೆಗೆ 600 ಕಿಲೋಮೀಟರಿಗೂ ಉದ್ದದ ಮಾನವ ಸರಪಳಿ ಕಟ್ಟಿದ್ರು. 1990ರ ಮಾರ್ಚ್ 11ಕ್ಕೆ ಲಿಥುವೇನಿಯಾ ಸ್ವಾತಂತ್ರ್ಯ ಘೋಷಣೆ ಮಾಡ್ತು, 1991ರ ಜನವರಿ 13ರಂದು ಟಿವಿ ಟವರ್ ಹತ್ರ ಸೋವಿಯತ್ ಸೇನೆ ನುಗ್ಗಿದಾಗ 14 ಜನ ಸತ್ರು. ಆಗಸ್ಟ್‌ನಲ್ಲಿ ಮಾಸ್ಕೋದ ಕ್ಷಿಪ್ರಕ್ರಾಂತಿ ಮೂರೇ ದಿನಕ್ಕೆ ಬಿದ್ದೋಯ್ತು, ಬಿದ್ದ ಎರಡನೇ ದಿನಕ್ಕೆ ಕ್ರೇನು ಚೌಕಕ್ಕೆ ಬಂತು.

ಇಷ್ಟೆಲ್ಲ ಆದ್ಮೇಲೆ ಒಬ್ಬ ಲಿಥುವೇನಿಯಾದವನೇ ಲೆನಿನ್‌ನ ವಾಪಸ್ ಎತ್ತಿ ನಿಲ್ಲಿಸ್ತಾನೆ ಅಂದ್ರೆ ಏನು? ಹಳೇದರ ಮೇಲೆ ಮೋಹನಾ? ಹಾಗೆ ಓದೋರೂ ಇರ್ತಾರೆ, ನಂಗೆ ಅದು ಒಪ್ಪಿಗೆ ಇಲ್ಲ. ಫಿಲ್ಮ್ ಬಂದ ವರ್ಷ ನೋಡಿ, 2004. ಆ ವರ್ಷ ಮಾರ್ಚ್‌ನಲ್ಲಿ ಲಿಥುವೇನಿಯಾ ನ್ಯಾಟೋ ಸೇರ್ತು, ಮೇ 1ಕ್ಕೆ ಯುರೋಪಿಯನ್ ಯೂನಿಯನ್. ಹಳೇ ಕಾಲ ಮುಗೀತು, ಬಾಗಿಲು ಹಾಕಾಯ್ತು, ಇನ್ನು ಹಿಂದೆ ತಿರುಗಿ ನೋಡೋದೇ ಬೇಡ ಅಂತ ಇಡೀ ದೇಶ ಅನ್ಕೋತಿದ್ದ ಹೊತ್ತು. ಆಗ ಈ ಮನುಷ್ಯ ಎಲ್ರಿಗೂ ಬಾಯಿಪಾಠ ಆಗಿರೋ ಆ ದೃಶ್ಯವನ್ನ ತಗೊಂಡು ಇದು ಇಷ್ಟು ಸುಲಭಕ್ಕೆ ತಿರುಗತ್ತೆ ನೋಡಿ ಅಂತ ತೋರಿಸ್ತಾರೆ. ಎಲ್ಲಿ ಕಿತ್ತಿದ್ದು ನೆಟ್ಟಿದ್ದು ಆಗತ್ತೋ ಅಲ್ಲಿ ಜನರ ಖುಷಿ ಮಾತ್ರ ಹಾಗೇ ಇರತ್ತೆ. ನಗು ಅದೇ ನಗು, ಎತ್ತಿದ ಕೈ ಅದೇ ಕೈ. ಹಿಂದುಮುಂದಾಗಿ ಓಡಿಸಿದ್ರೂ ಚಪ್ಪಾಳೆ ಚಪ್ಪಾಳೆ ಥರಾನೇ ಕಾಣತ್ತೆ, ಇದನ್ನ ಬೇಕಾದ್ರೆ ಯಾವ ವಿಡಿಯೋ ಆದ್ರೂ ತಗೊಂಡು ಮಾಡಿ ನೋಡಿ.

ಆ ಜನ ತಪ್ಪು ಅಂತ ಫಿಲ್ಮ್ ಹೇಳ್ತಿಲ್ಲ. ಅವರು ಹಸಿವು, ಜೈಲು, ಗಡೀಪಾರು ನೋಡಿದವರು, ಕುಣಿಯೋಕೆ ಅವರಿಗೆ ಎಲ್ಲ ಹಕ್ಕೂ ಇತ್ತು. ಫಿಲ್ಮಿನ ಪ್ರಶ್ನೆ ನೋಡ್ತಾ ಕೂತಿರೋ ನಮಗೆ. ಗುಂಪಿನ ಖುಷಿ ನೋಡಿದ ತಕ್ಷಣ ಇದು ಸರಿ, ಇದು ಮುಕ್ತಿ ಅಂತ ನಾವು ತೀರ್ಮಾನ ಮಾಡೋದು ಯಾವ ಧೈರ್ಯದ ಮೇಲೆ? ಇನ್ನೊಂದು ವಿಷಯ, ಪ್ರತಿಮೆ ಬೀಳೋ ದೃಶ್ಯನೇ ಒಂದು ಸ್ಮಾರಕ ಆಗೋಗಿರತ್ತೆ. ಕಂಚು ಹೋಯ್ತು, ಅದರ ಜಾಗದಲ್ಲಿ ಬೀಳೋ ವಿಡಿಯೋ ನಿಂತ್ಕೊಳ್ತು, ಅದನ್ನೂ ವರ್ಷ ವರ್ಷ ತೋರಿಸಿ ತೋರಿಸಿ ಯಾರೂ ಪ್ರಶ್ನೆ ಕೇಳದ ಹಾಗೆ ಮಾಡ್ತಾರೆ. ನರ್ಕೆವಿಚ್ಯುಸ್ ಕೈ ಹಾಕಿದ್ದು ಆ ಎರಡನೇ ಸ್ಮಾರಕಕ್ಕೆ ಅಂತ ನನ್ನ ಲೆಕ್ಕ.

ಮೂರು ವರ್ಷ ಬಿಟ್ಟು ಇನ್ನೂ ದೊಡ್ಡ ಸಾಹಸಕ್ಕೆ ಇಳಿದ್ರು. ಜರ್ಮನಿಯ ಮ್ಯೂನ್‌ಸ್ಟರ್ ಊರಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ದೊಡ್ಡ ಶಿಲ್ಪ ಪ್ರದರ್ಶನ ನಡೆಯತ್ತೆ, ಊರಿನ ಬೀದಿ, ಪಾರ್ಕು, ಕೆರೆ ದಂಡೆ ಎಲ್ಲಾ ಕಡೆ ಕಲಾಕೃತಿ. 2007ರಲ್ಲಿ ಇವರಿಗೆ ಕರೆ ಬಂತು. ಇವರು ಕೇಳಿದ್ದೇನು ಅಂದ್ರೆ ನಾನು ಹೊಸದೇನೂ ಮಾಡಲ್ಲ, ಪೂರ್ವ ಜರ್ಮನಿಯ ಕೆಮ್‌ನಿಟ್ಸ್ ಊರಲ್ಲಿರೋ ಕಾರ್ಲ್ ಮಾರ್ಕ್ಸ್ ತಲೆಯನ್ನ ಸ್ವಲ್ಪ ದಿನದ ಮಟ್ಟಿಗೆ ಇಲ್ಲಿಗೆ ತಂದು ನಿಲ್ಲಿಸಿ ಅಂತ. ತಲೆ ಅಂದ್ರೆ ಬರೀ ತಲೆನೇ, ಭುಜ ಇಲ್ಲ, ಮೈ ಇಲ್ಲ, 7 ಮೀಟರ್ ಎತ್ತರ, ಸುಮಾರು 40 ಟನ್ ಕಂಚು, ಪೀಠ ಸೇರಿದ್ರೆ 13 ಮೀಟರ್. ಮಾಡಿದ್ದು ಲೆವ್ ಕೆರ್ಬೆಲ್, ಮಾಸ್ಕೋದ ದೊಡ್ಡ ಶಿಲ್ಪಿ, ರಷ್ಯಾದ ಕ್ರಾಂತಿಯಾದ 1917ರ ನವೆಂಬರ್ 7ರಂದೇ ಹುಟ್ಟಿದವರು. 1971ರಲ್ಲಿ ಅನಾವರಣ ಆಯ್ತು. ಆಗ ಆ ಊರಿನ ಹೆಸರೇ ಕಾರ್ಲ್ ಮಾರ್ಕ್ಸ್ ಸ್ಟಾಟ್, 1953ರಲ್ಲಿ ಸರ್ಕಾರ ಇಟ್ಟ ಹೆಸರು, ಮಾರ್ಕ್ಸ್ ಅಲ್ಲಿ ಯಾವತ್ತೂ ವಾಸ ಇದ್ದವರಲ್ಲ. 1990ರಲ್ಲಿ ಜನರೇ ಓಟು ಹಾಕಿ ಹಳೇ ಹೆಸರು ವಾಪಸ್ ತಂದ್ಕೊಂಡ್ರು.

ಹೆಸರು ತೆಗೆದ ಜನ ತಲೆ ಮಾತ್ರ ಇಟ್ಕೊಂಡ್ರು! ಅಲ್ಲಿಯವರು ಅದನ್ನ 'ನಿಶೆಲ್' ಅಂತಾರೆ, ತಲೆಬುರುಡೆಗೆ ಅವರ ಕಡೆಯ ಆಡುಮಾತು. ಮ್ಯೂನ್‌ಸ್ಟರ್‌ಗೆ ಕಳಿಸಿ ಅಂತ ಕೇಳಿದ್ದಕ್ಕೆ ಒಪ್ಲಿಲ್ಲ. ಯೋಚನೆ ಮಾಡಿ, ಬಲವಂತವಾಗಿ ಹೇರಿದ ಸ್ಮಾರಕ, ಹೇರಿದ ಸರ್ಕಾರ ಹೋದ್ಮೇಲೆ ಊರಿನ ಸ್ವಂತದ್ದು ಆಗೋಯ್ತು. ಕೊನೆಗೆ ನರ್ಕೆವಿಚ್ಯುಸ್ ಆ ತಲೆ ಹೇಗೆ ತಯಾರಾಯ್ತು ಅನ್ನೋದರ ಹಳೇ ಟಿವಿ ಫುಟೇಜ್‌ಗಳನ್ನ ಹುಡುಕಿ ಜೋಡಿಸಿ 'ದ ಹೆಡ್' ಅನ್ನೋ ಫಿಲ್ಮ್ ಮಾಡಿ ಅದನ್ನೇ ಪ್ರದರ್ಶನಕ್ಕೆ ಇಟ್ರು. ಅದ್ರಲ್ಲಿ ಕೆರ್ಬೆಲ್ ಕೆಲಸ ಮಾಡೋದು ಕಾಣತ್ತೆ, ಜೇಡಿಮಣ್ಣು, ಅಟ್ಟಣಿಗೆ, ಗಡ್ಡದ ಮಡಿಕೆಗಳು. ವ್ಯವಸ್ಥೆ ಅಂತ ನಾವು ಒಂದೇ ಪದದಲ್ಲಿ ಹೇಳಿ ಮುಗಿಸೋದರ ಒಳಗೆ ಕೈಗಳಿದ್ವು, ಕಸುಬಿತ್ತು, ತನ್ನ ಕೆಲಸ ಚೆನ್ನಾಗಿ ಬರಲಿ ಅನ್ನೋ ಶ್ರದ್ಧೆ ಇತ್ತು. ಇನ್ನೊಬ್ಬ ಶಿಲ್ಪಿಯನ್ನ ಶಿಲ್ಪಿಯೊಬ್ಬ ನೋಡೋ ನೋಟ ಇದು. ಇಲ್ಲಿ ನಂಗೆ ಅನುಮಾನನೂ ಇದೆ, ಕಸುಬಿನ ಚಂದ ತೋರಿಸ್ತಾ ತೋರಿಸ್ತಾ ಆ ತಲೆಯನ್ನ ಯಾಕೆ ಮಾಡಿಸಿದ್ರು ಅನ್ನೋದು ಹಿಂದೆ ಸರಿದುಬಿಡಲ್ವಾ ಅಂತ. ಫಿಲ್ಮ್ ಅದಕ್ಕೆ ಉತ್ತರ ಕೊಡಲ್ಲ. 2018ರಲ್ಲಿ ಅದೇ ತಲೆಯ ಕೆಳಗೆ ವಲಸಿಗರ ವಿರುದ್ಧ ಬಲಪಂಥೀಯರ ಮೆರವಣಿಗೆ ಸೇರಿದ್ದು ನೆನಪು ಮಾಡ್ಕೊಂಡ್ರೆ ಸ್ಮಾರಕಕ್ಕೆ ತನ್ನದೇ ಅರ್ಥ ಅಂತ ಒಂದು ಗಟ್ಟಿಯಾಗಿ ಇರಲ್ಲ, ಕೆಳಗೆ ಯಾರು ನಿಲ್ತಾರೋ ಅವರದೇ ಅಂತ ಅನ್ಸತ್ತೆ.

ಕಿತ್ತ ಪ್ರತಿಮೆಗಳು ಎಲ್ಲಿ ಹೋದ್ವು ಅನ್ನೋದು ಬೇರೆ ಕಥೆ. ದ್ರುಸ್ಕಿನಿಂಕಾಯ್ ಅನ್ನೋ ಊರಿನ ಹತ್ರ ಅಣಬೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಒಬ್ಬರು ಕಾಡಿನ ಮಧ್ಯೆ ಪಾರ್ಕ್ ಮಾಡಿ 2001ರಲ್ಲಿ ತೆರೆದ್ರು, ಗ್ರೂತಾಸ್ ಪಾರ್ಕ್. 80ಕ್ಕೂ ಹೆಚ್ಚು ಸೋವಿಯತ್ ಪ್ರತಿಮೆಗಳು, ಸುತ್ತ ಸೈಬೀರಿಯಾದ ಕೈದಿ ಶಿಬಿರದ ಥರ ಮುಳ್ಳುತಂತಿ, ಕಾವಲು ಗೋಪುರ, ಪಕ್ಕದಲ್ಲೇ ಮಕ್ಕಳ ಆಟದ ಜಾಗ. ವಿಲ್ನಿಯಸ್ ಚೌಕದ ಲೆನಿನ್ ಈಗ ಇರೋದೂ ಅಲ್ಲೇ. ಶಿಬಿರದಿಂದ ಬದುಕಿ ಬಂದ ಎಷ್ಟೋ ಜನಕ್ಕೆ ಇದು ನೋವು ಕೊಡ್ತು, ಅದು ಸಹಜ, ನಂಗೂ ಆಟದ ಜಾಗದ ವಿಷಯ ಸರಿ ಅನ್ಸಲ್ಲ. ನರ್ಕೆವಿಚ್ಯುಸ್ 2003ರ ತಮ್ಮ ಒಂದು ಫಿಲ್ಮಲ್ಲಿ ಈ ಪಾರ್ಕನ್ನ ತೋರಿಸಿದಾರೆ, ಅದೂ ಕ್ಯಾಮೆರಾದಲ್ಲಿ ಅಲ್ಲ, ಪೆನ್ಸಿಲ್ ಚಿತ್ರಗಳಲ್ಲಿ. ಅದು ಒಳ್ಳೇ ತೀರ್ಮಾನ. ಕ್ಯಾಮೆರಾ ಹಿಡಿದಿದ್ರೆ ಅದು ಟೂರಿಸ್ಟ್ ವಿಡಿಯೋ ಆಗ್ತಿತ್ತು.

ವಿಲ್ನಿಯಸ್‌ಗೇ ವಾಪಸ್ ಬರೋಣ. ನೆರಿಸ್ ನದಿ ಮೇಲೆ ಗ್ರೀನ್ ಬ್ರಿಡ್ಜ್ ಅಂತ ಒಂದು ಸೇತುವೆ, ಅದರ ನಾಲ್ಕು ಮೂಲೆಯಲ್ಲಿ 1952ರಲ್ಲಿ ನಿಲ್ಲಿಸಿದ ನಾಲ್ಕು ಶಿಲ್ಪ ಗುಂಪುಗಳಿದ್ವು, ಸೈನಿಕರು, ವಿದ್ಯಾರ್ಥಿಗಳು, ಕಾರ್ಮಿಕರು, ರೈತರು. 1991ರಲ್ಲಿ ಇವು ಉಳ್ಕೊಂಡ್ವು. 1995ರಲ್ಲಿ ಗೆದಿಮಿನಾಸ್ ಉರ್ಬೊನಾಸ್ ಅನ್ನೋ ಇನ್ನೊಬ್ಬ ಕಲಾವಿದ ಈ ಶಿಲ್ಪಗಳ ತಲೆಗೆ ಕನ್ನಡಿ ಡಬ್ಬಿ ಮುಚ್ಚಿದ್ರು, ಮುಖದ ಬದಲು ಆಕಾಶ, ಊರು ಕಾಣೋ ಹಾಗೆ. ಕೊನೆಗೆ 2015ರ ಜುಲೈ 20ಕ್ಕೆ ನಾಲ್ಕನ್ನೂ ಇಳಿಸಿದ್ರು. ಬೀಡುಕಬ್ಬಿಣ ತುಕ್ಕು ಹಿಡಿದಿದೆ, ಜನರ ಮೇಲೆ ಬಿದ್ರೆ ಅಪಾಯ ಅನ್ನೋದು ಆಡಳಿತ ಕೊಟ್ಟ ಕಾರಣ.

ಇದನ್ನೂ ನರ್ಕೆವಿಚ್ಯುಸ್ ಚಿತ್ರೀಕರಿಸಿದ್ರು, ಈ ಸಲ ಹಳೇ ಫುಟೇಜ್ ಅಲ್ಲ, ತಾವೇ ಖುದ್ದಾಗಿ, ತ್ರೀಡಿ ಕ್ಯಾಮೆರಾದಲ್ಲಿ. ಫಿಲ್ಮಿನ ಹೆಸರು ಆ ದಿನಾಂಕವೇ, '20 ಜುಲೈ 2015'. ತ್ರೀಡಿ ಅಂದ್ರೆ ನಮಗೆ ಮಲ್ಟಿಪ್ಲೆಕ್ಸಲ್ಲಿ ಕನ್ನಡಕ ಹಾಕ್ಕೊಂಡು ನೋಡೋ ಆಕ್ಷನ್ ಸಿನಿಮಾ ನೆನಪಾಗತ್ತೆ, ಇಲ್ಲಿ ಅದು ಶಿಲ್ಪಕ್ಕೆ ಸಲ್ಲಬೇಕಾದ ಗೌರವ. ಮಾಮೂಲಿ ಫೋಟೋದಲ್ಲಿ ಪ್ರತಿಮೆ ಚಪ್ಪಟೆ ಆಗತ್ತೆ, ತ್ರೀಡಿಯಲ್ಲಿ ಅದಕ್ಕೆ ಮತ್ತೆ ಮೈ ಬರತ್ತೆ, ತೂಕ ಬರತ್ತೆ, ಬೆಲ್ಟಲ್ಲಿ ಕಟ್ಟಿ ಎತ್ತೋವಾಗ ಆ ಕಬ್ಬಿಣ ಎಷ್ಟು ಭಾರ ಅನ್ನೋದು ಹೊಟ್ಟೆಗೆ ಗೊತ್ತಾಗತ್ತೆ. 1991ರ ದೃಶ್ಯಕ್ಕೂ ಇದಕ್ಕೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದು ವಿಷಯ ಎದ್ದು ಕಾಣತ್ತೆ, ಅಲ್ಲಿ ಜನ ತಾವೇ ಬಂದು ಇತಿಹಾಸ ಮಾಡಿದ್ರು, ಇಲ್ಲಿ ಆಡಳಿತ ಒಂದು ಕೆಲಸ ಮುಗಿಸ್ತು.

2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದ್ಮೇಲೆ ಸೋವಿಯತ್ ಸ್ಮಾರಕ ತೆಗೆಯೋ ಕೆಲಸದ ಸ್ಪೀಡ್ ಏಕ್‌ದಂ ಜಾಸ್ತಿ ಆಯ್ತು. ಆಗಸ್ಟ್‌ನಲ್ಲಿ ಎಸ್ಟೋನಿಯಾ ನಾರ್ವಾದಲ್ಲಿ ಸ್ಮಾರಕವಾಗಿ ನಿಂತಿದ್ದ ಸೋವಿಯತ್ ಯುದ್ಧ ಟ್ಯಾಂಕನ್ನ ಮ್ಯೂಸಿಯಂಗೆ ಸಾಗಿಸ್ತು, ಅದೇ ತಿಂಗಳು 25ಕ್ಕೆ ಲಾಟ್ವಿಯಾದ ರೀಗಾದಲ್ಲಿ 79 ಮೀಟರ್ ಎತ್ತರದ ವಿಜಯಸ್ತಂಭವನ್ನ ಬೀಳಿಸಿದ್ರು, ಅದು ಪಕ್ಕದ ಕೊಳಕ್ಕೆ ಬಿದ್ದಿದ್ದನ್ನ ಟಿವಿಯಲ್ಲಿ ಲೈವ್ ತೋರಿಸಿದ್ರು. ಲಿಥುವೇನಿಯಾ ಸಂಸತ್ತು ಡಿಸೆಂಬರ್‌ನಲ್ಲಿ ಕಾನೂನೇ ಮಾಡ್ತು, 2023ರ ಮೇ 1ರಿಂದ ಜಾರಿ, ಸರ್ವಾಧಿಕಾರಿ ಆಳ್ವಿಕೆಗಳನ್ನ ಮೆರೆಸೋ ಯಾವ ಸ್ಮಾರಕ, ಬೀದಿ ಹೆಸರು ಇದ್ರೂ ತೆಗೀಬೇಕು, ಅನುಮಾನ ಬಂದ್ರೆ ಒಂದು ಆಯೋಗ ನೋಡಿ ಹೇಳತ್ತೆ. ಹೀಗೆ ಶುರುವಾದ್ರೆ ಲೆನಿನ್, ಸೈನಿಕರು ಮುಗಿದ್ಮೇಲೆ ಸರದಿ ಬರೋದು ಲೇಖಕರದು, ಕವಿಗಳದು. ಸ್ಟಾಲಿನ್‌ನ ಹೊಗಳಿ ಪದ್ಯ ಬರೆದವರು ಅದಕ್ಕಿಂತ ಚೆನ್ನಾಗಿರೋ ಬೇರೆ ಪದ್ಯಗಳನ್ನೂ ಬರೆದಿರ್ತಾರೆ, ಅವರ ಹೆಸರಿನ ಶಾಲೆಯಲ್ಲಿ ಓದಿದ ಮಕ್ಕಳಿಗೆ ಏನು ಹೇಳೋದು, ಇದು ಆಯೋಗ ತೀರ್ಮಾನ ಮಾಡೋ ವಿಷಯನಾ?

ಪಕ್ಕದಲ್ಲಿ ಯುದ್ಧ ನಡೀತಿರೋವಾಗ, ತಮ್ಮ ಅಜ್ಜಿಯರನ್ನ ಹೊತ್ತೊಯ್ದ ಸೇನೆಯ ಪ್ರತಿಮೆ ಊರ ಮಧ್ಯೆ ಯಾಕಿರಬೇಕು ಅಂತ ಅವರು ಕೇಳೋದು ನ್ಯಾಯ, ಇಷ್ಟು ದೂರ ಕೂತ್ಕೊಂಡು ಇಟ್ಕೊಳ್ಳಿ ಅಂತ ಹೇಳೋಕೆ ನಾನ್ಯಾರು. ನನ್ನ ಕಾಳಜಿ ತೆಗೆಯೋ ರೀತಿ ಬಗ್ಗೆ. ಪ್ರತಿಮೆ ಯಾವಾಗ ಇಟ್ರು, ಯಾರು ಇಟ್ರು ಅಂತ ಪೀಠದ ಮೇಲೆ ಕಲ್ಲಲ್ಲಿ ಕೆತ್ತಿರ್ತಾರೆ. ಹೇಗೆ ತೆಗೆದ್ರು, ಅವತ್ತು ಯಾರು ಬಂದಿದ್ರು, ಯಾರು ಅತ್ರು, ಯಾರು ಸುಮ್ನೆ ನೋಡ್ತಾ ನಿಂತ್ರು, ಇದನ್ನ ಎಲ್ಲೂ ಕೆತ್ತಲ್ಲ. ಜಾಗ ಖಾಲಿ ಆಗತ್ತೆ, ಮುಂದಿನ ತಲೆಮಾರಿಗೆ ಅಲ್ಲಿ ಏನೋ ಇತ್ತು ಅನ್ನೋದೂ ಗೊತ್ತಿರಲ್ಲ. ಲುಕಿಶ್ಕೇಸ್ ಚೌಕದಲ್ಲಿ ಲೆನಿನ್ ಜಾಗಕ್ಕೆ ಏನು ಬರಬೇಕು ಅಂತ ಕಾಲು ಶತಮಾನಕ್ಕೂ ಹೆಚ್ಚು ಜಗಳ ನಡೀತು, ಕುದುರೆ ಸವಾರ ಬೇಕು ಅಂತ ಒಂದು ಕಡೆ, ದಿಬ್ಬದ ಥರ ಆಧುನಿಕ ಶಿಲ್ಪ ಬೇಕು ಅಂತ ಇನ್ನೊಂದು ಕಡೆ, ಮಧ್ಯೆ 2020ರ ಬೇಸಿಗೆಯಲ್ಲಿ ಪಾಲಿಕೆಯವರು ಮರಳು ತಂದು ಸುರಿದು ಬೀಚ್ ಮಾಡಿದ್ರು, ನೇಣು ಹಾಕಿದ ಜಾಗದಲ್ಲಿ ಬೀಚಾ ಅಂತ ಮತ್ತೆ ಗಲಾಟೆ. ಆ ಚೌಕದ ಬಗ್ಗೆ ನಂಗೆ ಗೊತ್ತಿರೋ ಅತ್ಯಂತ ಪ್ರಾಮಾಣಿಕ ಸ್ಮಾರಕ ಆ ಎಂಟು ನಿಮಿಷದ ಫಿಲ್ಮೇ. ಅದನ್ನ ಕ್ರೇನಲ್ಲಿ ಎತ್ತೋಕೆ ಆಗಲ್ಲ.

ನಮ್ಮ ದೇಶದ ಲೆನಿನ್ ಕಥೆನೂ ಇದೆಯಲ್ಲ. 2018ರ ಮಾರ್ಚ್, ತ್ರಿಪುರಾ ಚುನಾವಣೆ ಫಲಿತಾಂಶ ಬಂದು ಎರಡು ದಿನಕ್ಕೆ ಬೆಲೋನಿಯಾ ಊರಲ್ಲಿ ಜೆಸಿಬಿ ತಂದು ಲೆನಿನ್ ಪ್ರತಿಮೆ ಬೀಳಿಸಿದ್ರು, ಆ ಮೊಬೈಲ್ ವಿಡಿಯೋ ಎಲ್ಲರ ವಾಟ್ಸಾಪ್‌ಗೂ ಬಂತು. ಅದರ ಬೆನ್ನಿಗೇ ತಮಿಳುನಾಡಲ್ಲಿ ಪೆರಿಯಾರ್ ಪ್ರತಿಮೆಗೆ, ಕೋಲ್ಕತಾದಲ್ಲಿ ಶ್ಯಾಮಾಪ್ರಸಾದ್ ಮುಖರ್ಜಿ ಪ್ರತಿಮೆಗೆ ಏಟು ಬಿತ್ತು. ವಿಲ್ನಿಯಸ್‌ಗೂ ಬೆಲೋನಿಯಾಗೂ ಹೋಲಿಕೆ ಸಲ್ಲ, ಅಲ್ಲಿ ಹೊರಗಿನವರು ಬಂದೂಕು ಹಿಡಿದು ನಿಲ್ಲಿಸಿದ್ದು, ಇಲ್ಲಿ ಓಟಲ್ಲಿ ಗೆದ್ದು ಓಟಲ್ಲಿ ಸೋತ ಪಕ್ಷದವರು ಇಟ್ಟಿದ್ದು. ಆದ್ರೆ ಆ ವಿಡಿಯೋದ ಮುಖಗಳು, ಎತ್ತಿದ ಕೈಗಳು ಅದೇ. ನರ್ಕೆವಿಚ್ಯುಸ್ ಫಿಲ್ಮ್ ತಲೆಯಲ್ಲಿ ಕೂತ ಮೇಲೆ ಇಂಥ ಯಾವ ವಿಡಿಯೋ ಬಂದ್ರೂ ನಾನು ಪ್ರತಿಮೆ ಬಿಟ್ಟು ಮುಖ ನೋಡೋಕೆ ಶುರು ಮಾಡಿದೀನಿ, ಯಾರು ಕೂಗ್ತಿದಾರೆ, ಯಾರು ಫೋನ್ ಹಿಡಿದಿದಾರೆ, ಹಿಂದೆ ಅಂಗಡಿ ಬಾಗಿಲಲ್ಲಿ ಯಾರು ನಿಂತಿದಾರೆ.

ನಮ್ಮ ಬೆಂಗಳೂರಲ್ಲಿ ಕಾರ್ಪೊರೇಷನ್ ಆಫೀಸ್ ಎದುರಿಗೆ ಒಂದು ಎತ್ತರದ ಕಲ್ಲಿನ ಸ್ಮಾರಕ ಇತ್ತು, 1791ರಲ್ಲಿ ಟಿಪ್ಪು ಕಾಲದ ಯುದ್ಧದಲ್ಲಿ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಕಟ್ಟಿದ್ದು, ಸೆನೊಟಾಫ್ ಅಂತಿದ್ರು. ಕನ್ನಡ ಹೋರಾಟಗಾರರ ಒತ್ತಾಯ ಆಗಿ, ಪಾಲಿಕೆಯಲ್ಲಿ ನಿರ್ಣಯ ಆಗಿ, 1964ರ ಅಕ್ಟೋಬರ್ 28ಕ್ಕೆ ಅದನ್ನ ಒಡೆದು ಹಾಕಿದ್ರು. ಅದರ ಹೆಸರಲ್ಲಿದ್ದ ಸೆನೊಟಾಫ್ ರಸ್ತೆ ಈಗ ನೃಪತುಂಗ ರಸ್ತೆ, ದಿನಾ ಎಷ್ಟು ಲಕ್ಷ ಗಾಡಿ ಓಡಾಡತ್ವೋ. ಒಡೆದಿದ್ದರ ಬಗ್ಗೆ ನಂಗೆ ದುಃಖ ಇಲ್ಲ, ನಮ್ಮ ಊರ ಮಧ್ಯೆ ನಮ್ಮನ್ನ ಸೋಲಿಸಿದವರ ಗುಣಗಾನ ಬೇಕಿರ್ಲಿಲ್ಲ. ಆದ್ರೆ ಆ ಸ್ಮಾರಕ ನೆಟ್ಟಗೆ ನಿಂತಿರೋ ಹಳೇ ಪೋಸ್ಟ್‌ಕಾರ್ಡ್ ಫೋಟೋ ಎಷ್ಟೋ ನೋಡಿದೀನಿ, ಒಡೆದ ದಿನದ ಒಂದು ಕ್ಷಣದ ಫಿಲ್ಮೂ ನಂಗೆ ಇವತ್ತಿನವರೆಗೆ ಕಣ್ಣಿಗೆ ಬಿದ್ದಿಲ್ಲ. ಯಾರದಾದ್ರೂ ಮನೆ ಅಟ್ಟದ ಮೇಲೆ, ಹಳೇ ಟ್ರಂಕಲ್ಲಿ ಒಂದು ರೀಲ್ ಇದ್ರೆ ಅದನ್ನ ಹೊರಗೆ ತನ್ನಿ. ಅವತ್ತು ಹಾರೆ ಹಿಡಿದಿದ್ದವರು, ಸುತ್ತ ನಿಂತಿದ್ದವರು, ಟಾಂಗಾ ನಿಲ್ಲಿಸಿ ನೋಡಿದವರು ಇದ್ರೆ ಅವರು, ಆ ಮುಖಗಳನ್ನ ಒಂದ್ಸಲ ನೋಡಬೇಕು.